ಚಂದ್ರನ ಫೋಟೋ ಖರೇನೋ ಸುಳ್ಳೋ: ಶನಿವಾರದ ಕಾರ್ಯಕ್ರಮದ ಬಗ್ಗೆ ಪೋಷಕರಿಗೆ ಪತ್ರ

ಬಾದಾಮಿ ತಾಲೂಕು, ಬಾಗಲಕೋಟೆ ಜಿಲ್ಲೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಒಂದು ವಾರದಿಂದ ನಿಮ್ಮಲ್ಲಿ ಸುಮಾರು ಜನ ನನಗೆ ಫೋನ್ ಮಾಡಿದ್ದೀರಿ. ಕೆಲವರು ಸಿಟ್ಟಿನಿಂದ, ಕೆಲವರು ನಗುತ್ತಾ. ವಿಷಯ ಒಂದೇ. ಚಂದ್ರನ ಮೇಲೆ ಮನುಷ್ಯ ಇಳಿದ ಫೋಟೋಗಳ ಬಗ್ಗೆ ಒಂಬತ್ತನೇ ತರಗತಿಯಲ್ಲಿ ಜಗಳ ಎದ್ದಿದೆ. ಅರ್ಧ ಕ್ಲಾಸು "ಅವೆಲ್ಲಾ ಸ್ಟುಡಿಯೋದಾಗ ತಗದಿದ್ದು" ಅನ್ನುತ್ತದೆ. ಇನ್ನರ್ಧ "ಖರೇ ಐತಿ" ಅನ್ನುತ್ತದೆ. ಬಿಸಿಯೂಟದ ಸಾಲಿನಲ್ಲೂ ಇದೇ ಮಾತು.

"ಮಕ್ಕಳ ತಲ್ಯಾಗ ಇಂಥಾವೆಲ್ಲ ಯಾಕ ತುಂಬತೀರಿ ಸರ್, ಪರೀಕ್ಷಾಕ್ಕ ಬರತೈತೇನು?" ಅಂತ ಒಬ್ಬ ತಂದೆ ಕೇಳಿದರು. ಪರೀಕ್ಷೆಗೆ ಬರುವುದಿಲ್ಲ. ತುಂಬಿದ್ದೂ ನಾವಲ್ಲ, ಮೊಬೈಲಿನಲ್ಲಿ ಬಂದ ಒಂದು ವಿಡಿಯೋ. ಇನ್ನೊಬ್ಬ ತಾಯಿ ಮಾತ್ರ "ನಮಗೂ ಮೊದಲಿಂದ ಡೌಟ್ ಐತ್ರಿ, ನೀವ ಒಮ್ಮೆ ಹೇಳಿಬಿಡ್ರಿ" ಅಂದರು. ಆ ಮಾತು ನನಗೆ ಹಿಡಿಸಿತು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಅಮೆರಿಕದವರು ಚಂದ್ರನ ಮೇಲೆ ಹೋಗಿದ್ದು ನಿಜ. 1969ರಿಂದ 1972ರವರೆಗೆ ಆರು ಸಲ ಇಳಿದರು, 12 ಜನ ಅಲ್ಲಿ ನಡೆದಾಡಿದರು, 382 ಕಿಲೋ ಕಲ್ಲು ಮಣ್ಣು ಹೊತ್ತು ತಂದರು. ಆದರೆ ಹೆಡ್ಮಾಸ್ತರು ಹೇಳಿದರು ಅಂತ ನಿಮ್ಮ ಮಕ್ಕಳು ಇದನ್ನು ನಂಬಿಕೊಂಡರೆ ನನಗೆ ಸಮಾಧಾನ ಇಲ್ಲ. ಮೊಬೈಲಿನಲ್ಲಿ ಯಾರೋ ಹೇಳಿದರು ಅಂತ ಸುಳ್ಳು ಅನ್ನುವುದೂ, ಶಾಲೆಯಲ್ಲಿ ಯಾರೋ ಹೇಳಿದರು ಅಂತ ಖರೆ ಅನ್ನುವುದೂ ಒಂದೇ ಆಯಿತಲ್ವಾ?

ಅದಕ್ಕೇ ಬರುವ ಶನಿವಾರ ಬೆಳಗಿನ ಶಾಲೆಯಲ್ಲಿ ಇದನ್ನು ಒಂದು ಕಡೆ ಮಾಡೋಣ ಅಂತ ನಿರ್ಧರಿಸಿದ್ದೇವೆ. ಪರ-ವಿರೋಧ ಚರ್ಚಾಸ್ಪರ್ಧೆ ಇಡೋಣ ಅಂತ ಒಬ್ಬಿಬ್ಬರು ಶಿಕ್ಷಕರು ಹೇಳಿದರು. ನಾನು ಬೇಡ ಅಂದೆ. ಚರ್ಚಾಸ್ಪರ್ಧೆಯಲ್ಲಿ ಗೆಲ್ಲುವುದು ಗಂಟಲು. ನಮ್ಮ ಹತ್ತನೇ ತರಗತಿಯ ಒಬ್ಬ ಹುಡುಗ ಮೈಕ್ ಹಿಡಿದರೆ ಮಲಪ್ರಭೆ ಹಿಂದಕ್ಕೆ ಹರಿಯುತ್ತಾಳೆ ಅಂತಲೂ ಚಪ್ಪಾಳೆ ಗಿಟ್ಟಿಸಿಬಿಡುತ್ತಾನೆ. ಚಪ್ಪಾಳೆ ಎಣಿಸಿ ಚಂದ್ರನಿಗೆ ಹೋಗಿದ್ದರೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ಆಗುತ್ತಾ?

ಬದಲಿಗೆ ಒಂದು ನಿಯಮ ಮಾಡಿದ್ದೇವೆ. ಪ್ರತಿ ಗುಂಪಿಗೂ ಒಂದು ಫೋಟೋ, ಅದರ ಮೇಲೆ ಒಂದು ಅನುಮಾನ. ಬಾಯಿ ತೆರೆಯುವ ಮೊದಲು ಎರಡೂ ಕಡೆಯವರು ಒಂದು ಚೀಟಿಯಲ್ಲಿ ಬರೆಯಬೇಕು: ಏನು ಕಂಡರೆ ನನ್ನ ಮಾತು ತಪ್ಪು ಅಂತ ನಾನು ಒಪ್ಪುತ್ತೇನೆ? ಇದನ್ನು ಬರೆಯಲಾಗದ ಗುಂಪಿಗೆ ಮಾತಾಡಲು ಅವಕಾಶ ಇಲ್ಲ. "ಖರೇ ಐತಿ" ಅನ್ನುವವರಿಗೂ ಇದೇ ನಿಯಮ. ನಿಜ ಹೇಳಬೇಕೆಂದರೆ ತಯಾರಿಯ ಮೊದಲ ದಿನ ಚೀಟಿ ಬರೆಯಲು ಹೆಚ್ಚು ಒದ್ದಾಡಿದ್ದು ಅವರೇ. ಪುಸ್ತಕದಲ್ಲಿದೆ ಅನ್ನುವುದರ ಮುಂದೆ ಅವರಿಗೆ ಏನೂ ಹೊಳೆಯಲಿಲ್ಲ.

ಒಂದೆರಡು ಅನುಮಾನಗಳನ್ನು ನೀವೂ ಮನೆಯಲ್ಲಿ ನೋಡಬಹುದು. "ಆಕಾಶ ಕಪ್ಪಗಿದೆ, ಆದರೆ ಒಂದೂ ಚುಕ್ಕಿ ಇಲ್ಲ. ಯಾಕೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ನಿಮ್ಮ ಮೊಬೈಲಿನಲ್ಲಿ ಬನಶಂಕರಿ ಜಾತ್ರೆಯ ಫೋಟೋಗಳು ಇದ್ದೇ ಇರುತ್ತವೆ. ರಾತ್ರಿ ನಾಟಕ ಕಂಪನಿಯ ಟೆಂಟಿನ ಮುಂದೆ, ಝಗಮಗ ಬೋರ್ಡಿನ ಕೆಳಗೆ ಮನೆಮಂದಿ ನಿಂತು ತೆಗೆಸಿಕೊಂಡ ಫೋಟೋ ಹುಡುಕಿ. ಮೇಲಿನ ಆಕಾಶ ನೋಡಿ. ಬರೀ ಕಪ್ಪು, ಒಂದು ಚುಕ್ಕಿಯೂ ಕಾಣುವುದಿಲ್ಲ. ಬೆಳಕಿನಲ್ಲಿ ನಿಂತವರ ಮುಖ ಸರಿಯಾಗಿ ಬರಬೇಕಾದರೆ ಕ್ಯಾಮೆರಾ ಕಣ್ಣು ತೆರೆದು ತಟ್ಟನೆ ಮುಚ್ಚಬೇಕು. ಅಷ್ಟರಲ್ಲಿ ಚುಕ್ಕಿಯ ಮಂದ ಬೆಳಕು ದಾಖಲಾಗುವುದಿಲ್ಲ. ಚಂದ್ರನ ಮೇಲೆ ಆಗ ಹಗಲು. ಬಿಸಿಲಿಗೆ ನೆಲವೂ ಬಿಳಿ ಉಡುಪೂ ಹೊಳೆಯುತ್ತಿದ್ದವು. ಒಂದು ಸೆಕೆಂಡನ್ನು 250 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಕ್ಯಾಮೆರಾ ತೆರೆದಿರುತ್ತಿತ್ತು. ಆ ಫೋಟೋಗಳಲ್ಲಿ ರಾಶಿ ರಾಶಿ ಚುಕ್ಕಿ ಕಂಡಿದ್ದರೆ ನನಗೇ ಅನುಮಾನ ಬರುತ್ತಿತ್ತು.

ಇನ್ನೊಂದು ನೆರಳಿನದು. ನೆರಳುಗಳು ಒಂದೇ ದಿಕ್ಕಿಗೆ ಬಿದ್ದಿಲ್ಲ, ಹಾಗಾಗಿ ಹತ್ತಾರು ಲೈಟು ಹಾಕಿದ್ದಾರೆ ಅನ್ನುವ ವಾದ. ಇದನ್ನು ಒಂಬತ್ತನೇ ತರಗತಿಯ ಹುಡುಗಿಯರು ಬೆಳಿಗ್ಗೆ ಬೇಗ ಬಂದು ಶಾಲೆಯ ಮೈದಾನದಲ್ಲೇ ಪರೀಕ್ಷೆ ಮಾಡಿದರು. ನಾಲ್ಕು ಕೋಲು ನೆಟ್ಟರು. ಎರಡು ಸಪಾಟು ನೆಲದಲ್ಲಿ, ಒಂದು ಗಟಾರದ ಇಳಿಜಾರಿನಲ್ಲಿ, ಒಂದು ಮಣ್ಣಿನ ದಿಬ್ಬದ ಮೇಲೆ. ಮೇಲಿರುವುದು ಒಬ್ಬನೇ ಸೂರ್ಯ. ಫೋಟೋದಲ್ಲಿ ನಾಲ್ಕು ನೆರಳು ನಾಲ್ಕು ಕಡೆ ಬಿದ್ದ ಹಾಗೆ ಕಂಡವು. ಆಮೇಲೆ ಒಬ್ಬಳು ಹೇಳಿದ ಮಾತು ನನಗೂ ಹೊಳೆದಿರಲಿಲ್ಲ. "ಸರ್, ರಾತ್ರಿ ಕಬಡ್ಡಿ ಮ್ಯಾಚಿನ್ಯಾಗ ನಾಲ್ಕೂ ಕಡೆ ಲೈಟ್ ಇರ್ತಾವ. ಒಬ್ಬೊಬ್ಬ ಆಟಗಾರಗ ನಾಲ್ಕು ನೆರಳು ಇರ್ತಾವ. ಈ ಫೋಟೋದಾಗ ಒಬ್ಬರಿಗೆ ಒಂದ ನೆರಳು ಐತಲ್ರಿ." ಅಷ್ಟೇ. ಲೈಟು ಹತ್ತಾರು ಅನ್ನುವ ವಾದ ಅಲ್ಲಿಗೆ ಮುಗಿಯಿತು. ವಿಡಿಯೋ ತಂದ ಹುಡುಗನೇ ತನ್ನ ಚೀಟಿ ತೆಗೆದು ಇದಕ್ಕೆ ಅಡ್ಡಗೆರೆ ಎಳೆದ.

ಬಾವುಟದ ಮಾತಂತೂ ಎಲ್ಲ ಕಡೆ ಇದೆ. ಗಾಳಿ ಇಲ್ಲದ ಕಡೆ ಅದು ಹೇಗೆ ಹಾರುತ್ತದೆ? ಹಾರುತ್ತಿಲ್ಲ. ಗಾಳಿ ಇಲ್ಲ ಅಂತ ಗೊತ್ತಿದ್ದೇ ಅದರ ಮೇಲಂಚಿಗೆ ಒಂದು ಅಡ್ಡ ಸರಳು ಕೂರಿಸಿದ್ದರು. ಮನುಷ್ಯ ಮೊದಲ ಸಲ ಇಳಿದ ಅಪೋಲೋ 11 ಯಾನದಲ್ಲಿ ಆ ಸರಳು ಪೂರ್ತಿ ಚಾಚಿಕೊಳ್ಳಲಿಲ್ಲ, ಬಟ್ಟೆ ಸುಕ್ಕುಗಟ್ಟಿ ನಿಂತಿತು. ಆ ಯಾನದಲ್ಲಿ ಹೋಗಿದ್ದ ಬಜ್ ಆಲ್ಡ್ರಿನ್ ಬಾವುಟದ ಮುಂದೆ ನಿಂತ ಎರಡು ಫೋಟೋ ಇವೆ, ಒಂದರ ಹಿಂದೆ ಒಂದು ತೆಗೆದದ್ದು. ಮೊದಲನೆಯದರಲ್ಲಿ ಸೆಲ್ಯೂಟ್ ಮಾಡುತ್ತಿದ್ದಾರೆ. ಎರಡನೆಯದರಲ್ಲಿ ಕೈ ಇಳಿಸಿ ಕ್ಯಾಮೆರಾ ಕಡೆ ತಿರುಗಿದ್ದಾರೆ. ಮನುಷ್ಯ ಅಲ್ಲಾಡಿದ್ದಾನೆ, ಬಾವುಟದ ಸುಕ್ಕು ಒಂದೂ ಅಲ್ಲಾಡಿಲ್ಲ. ಈ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸುತ್ತೇವೆ. ನೀವೇ ಹತ್ತಿರ ನಿಂತು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಫೋಟೋ, ಬಹುಶಃ ನೀವೆಲ್ಲ ನೋಡಿರುವುದು. ಆಲ್ಡ್ರಿನ್ ಎದುರಿಗೆ ನಿಂತಿದ್ದಾರೆ, ಹೆಲ್ಮೆಟ್ಟಿನ ಬಂಗಾರದ ಬಣ್ಣದ ಗಾಜಿನಲ್ಲಿ ಫೋಟೋ ತೆಗೆಯುತ್ತಿರುವ ನೀಲ್ ಆರ್ಮ್‌ಸ್ಟ್ರಾಂಗ್ ಚಿಕ್ಕದಾಗಿ ಕಾಣುತ್ತಾರೆ. ಪುಸ್ತಕ, ಕ್ಯಾಲೆಂಡರುಗಳಲ್ಲಿ ಬರುವ ಈ ಫೋಟೋದಲ್ಲಿ ತಲೆಯ ಮೇಲೆ ಸಾಕಷ್ಟು ಕಪ್ಪು ಆಕಾಶ ಇರುತ್ತದೆ. ಮೂಲ ಫಿಲ್ಮಿನಲ್ಲಿ ಅಷ್ಟು ಆಕಾಶ ಇಲ್ಲ! ಕ್ಯಾಮೆರಾ ಎದೆಯ ಮೇಲೆ ಕೂರಿಸಿದ್ದು, ಕಣ್ಣಿಟ್ಟು ನೋಡಿ ತೆಗೆಯುವಂತಿರಲಿಲ್ಲ. ಹಾಗಾಗಿ ತಲೆಯ ಮೇಲೇ ಚಿತ್ರ ಮುಗಿದುಹೋಗಿದೆ. ಬೆನ್ನಿನ ಪೆಟ್ಟಿಗೆಯ ಮೇಲಿನ ಆಂಟೆನಾ ಕತ್ತರಿಸಿಹೋಗಿದೆ. ಪ್ರಕಟಿಸುವಾಗ ಚೆಂದ ಕಾಣಲಿ ಅಂತ ಮೇಲೆ ಕಪ್ಪು ಸೇರಿಸಿದ್ದಾರೆ.

ಹಾಗಾದರೆ ಫೋಟೋ ತಿದ್ದಿದ್ದು ಹೌದೋ ಅಲ್ಲವೋ? ಹೌದು. ಸುಳ್ಳು ಫೋಟೋನಾ? ಅಲ್ಲ. ಮಕ್ಕಳು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನುವುದು ನನ್ನ ಆಸೆ. ಅನುಮಾನ ಪಟ್ಟವನ ಕೈಗೆ ಒಂದು ನಿಜವಾದ ವಿಷಯ ಸಿಕ್ಕಿದೆ. ಅದನ್ನು ಒಪ್ಪಿಕೊಳ್ಳಬೇಕು. ಅದರಿಂದ ಎಷ್ಟು ಮಾತ್ರ ಸಾಬೀತಾಗುತ್ತದೆ ಅಂತಲೂ ನೋಡಬೇಕು. ಮೂಲ ಫಿಲ್ಮಿನ ಚಿತ್ರ ಯಾರು ಬೇಕಾದರೂ ನೋಡುವಂತೆ ಇದೆ, ಅದಕ್ಕೇ ತಾನೇ ನಮಗೆ ಈ ತಿದ್ದುಪಡಿ ಗೊತ್ತಾಗಿದ್ದು.

ಇನ್ನೊಂದು ತಮಾಷೆ ಕೇಳಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಅವರದೇ ಒಂದು ಒಳ್ಳೆಯ ಫೋಟೋ ಅಲ್ಲಿ ಇಲ್ಲ. ಇರುವುದರಲ್ಲಿ ಚೆನ್ನಾಗಿರುವುದರಲ್ಲೂ ಬೆನ್ನು ಕಾಣುತ್ತದೆ. ಮದುವೆಮನೆಯಲ್ಲಿ ಕ್ಯಾಮೆರಾ ಹಿಡಿದ ಅಣ್ಣ ಆಲ್ಬಮ್ಮಿನಲ್ಲಿ ಎಲ್ಲೂ ಇರುವುದಿಲ್ಲವಲ್ಲ, ಹಾಗೆ. ಹೆಚ್ಚು ಹೊತ್ತು ಕ್ಯಾಮೆರಾ ಅವರ ಹತ್ತಿರವೇ ಇತ್ತು. ಸೆಟ್ ಹಾಕಿ ನಾಟಕ ಮಾಡುವವರು ಹೀರೋನ ಫೋಟೋನೇ ಮರೆಯುತ್ತಾರಾ?

ಫೋಟೋ ಬಿಟ್ಟರೂ ಬೇರೆ ದಾರಿ ಇವೆ. ಅಪೋಲೋ 11, 14 ಮತ್ತು 15ರವರು ಇಟ್ಟು ಬಂದ ಪ್ರತಿಫಲಕಗಳಿಗೆ (ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವ ಕನ್ನಡಿಯಂಥವು) ಭೂಮಿಯಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ವಾಪಸ್ ಬರುತ್ತದೆ. ತಂದ ಮಣ್ಣನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಸೋವಿಯತ್ ರಷ್ಯಾ ಆಗ ಅಮೆರಿಕದ ಕಡುವೈರಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲಿದ್ದಾಗ ರಷ್ಯಾದ ಲೂನಾ 15 ನೌಕೆ ಅಲ್ಲೇ ಸುತ್ತುತ್ತಿತ್ತು. ಅಮೆರಿಕ ಸುಳ್ಳು ಹೇಳಿದ್ದರೆ ಅವರು ಊರೆಲ್ಲ ಡಂಗುರ ಸಾರುತ್ತಿದ್ದರು. ಅವರು ಸಾರಲಿಲ್ಲ. ಇನ್ನು ನಮ್ಮದೇ ಚಂದ್ರಯಾನ-2. ನೂರು ಕಿಲೋಮೀಟರ್ ಎತ್ತರದಿಂದ 25 ಸೆಂಟಿಮೀಟರ್‌ವರೆಗಿನ ವಿವರ ತೋರಿಸುವ ಕ್ಯಾಮೆರಾ ಅದರಲ್ಲಿದೆ. ಅಪೋಲೋ 11 ಇಳಿದ ಜಾಗವನ್ನು ಅದು ತೆಗೆದಿದೆ, ಬಿಟ್ಟುಬಂದ ನೌಕೆಯ ಕೆಳಭಾಗ ಅಲ್ಲೇ ನಿಂತಿದೆ.

ಚಂದ್ರಯಾನ ಅಂದ ಕೂಡಲೇ ಇನ್ನೊಂದು ವಿಷಯ ಹೇಳಲೇಬೇಕು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿದಾಗ ನಾವೆಲ್ಲ ಎಷ್ಟು ಕುಣಿದೆವು! ಆ ದಿನಗಳಲ್ಲೇ ಒಂದು ಫೋಟೋ ಎಲ್ಲರ ಮೊಬೈಲಿಗೂ ಬಂತು. ಚಂದ್ರನ ಮಣ್ಣಿನ ಮೇಲೆ ಅಶೋಕ ಲಾಂಛನದ ಅಚ್ಚು, ಪಕ್ಕದಲ್ಲಿ ಇಸ್ರೋ ಗುರುತು, ಅಚ್ಚುಕಟ್ಟಾಗಿ. ರೋವರಿನ ಚಕ್ರದಲ್ಲಿ ಆ ಗುರುತುಗಳು ಇದ್ದದ್ದು ನಿಜ. ಆದರೆ ಆ ಫೋಟೋ ಇಸ್ರೋ ತೆಗೆದದ್ದಲ್ಲ, ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದು. ಅದರಲ್ಲಿ ನೆರಳು ಎತ್ತ ಬಿದ್ದಿದೆ ಅಂತ ನಮ್ಮೂರಲ್ಲಿ ಒಬ್ಬರೂ ಕೇಳಲಿಲ್ಲ. ಹೆಮ್ಮೆ ಆಗಿತ್ತು, ಕಳಿಸಿದರು. ಈಗ ಅಮೆರಿಕದವರ ಫೋಟೋ ಬಂದರೆ ಮಾತ್ರ ಎಲ್ಲರೂ ಪತ್ತೇದಾರರು. ಶನಿವಾರ ಈ ಲಾಂಛನದ ಫೋಟೋವನ್ನೂ ಮಕ್ಕಳ ಮುಂದೆ ಇಡುತ್ತೇವೆ. ಅದಕ್ಕೂ ಅದೇ ಚೀಟಿ, ಅದೇ ನಿಯಮ. ಬೇಜಾರು ಮಾಡಿಕೊಳ್ಳಬೇಡಿ.

ಈಗ ನಿಮ್ಮಿಂದ ಆಗಬೇಕಾದ್ದು. ಮಗ ಅಥವಾ ಮಗಳು ಊಟದ ಹೊತ್ತಿನಲ್ಲಿ ಇದನ್ನೇ ಮಾತಾಡಿದರೆ "ಸುಮ್ನೆ ಉಣ್ಣು" ಅಂತ ಗದರಬೇಡಿ. ಅನುಮಾನ ಪಡುವ ಮಗು ಕೆಟ್ಟು ಹೋಗುವುದಿಲ್ಲ. ಕೆಡುವುದು ಉತ್ತರ ಬಂದ ಮೇಲೂ ಅದೇ ಪ್ರಶ್ನೆಯನ್ನು ಹೊಸದು ಅನ್ನುವ ಹಾಗೆ ಕೇಳುತ್ತಾ ಕೂರುವ ಚಾಳಿಯಿಂದ. "ನೀ ಇದನ್ನ ಹೆಂಗ ನೋಡಿ ಗೊತ್ತಮಾಡ್ಕೋತಿ?" ಅಂತ ಒಂದು ಮಾತು ಕೇಳಿ ಸಾಕು. ಭಾಷಣ ಬರೆದುಕೊಡಬೇಡಿ. ನಿಮ್ಮ ಕೈಬರಹ ನಮಗೆ ಗುರುತು ಸಿಗುತ್ತದೆ.

ಮನೆಯಲ್ಲಿ 1969ರಲ್ಲಿ ಇದನ್ನು ರೇಡಿಯೋದಲ್ಲಿ ಕೇಳಿದ ಅಜ್ಜ ಅಜ್ಜಿ ಇದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ನಮ್ಮಲ್ಲಿ ಜುಲೈ 21, ಬೆಳಿಗ್ಗೆ ಎಂಟೂವರೆ ಹತ್ತಿರ. ಆ ಅಕ್ಟೋಬರಿನಲ್ಲಿ ಅಪೋಲೋ 11ರ ಮೂವರೂ ಯಾತ್ರಿಗಳು ಮುಂಬೈಗೂ ಬಂದಿದ್ದರು. ಆಗ ದುಡಿಮೆಗೆಂದು ಮುಂಬೈಯಲ್ಲಿದ್ದು ಅವರನ್ನು ಕಂಡವರು ಯಾರಾದರೂ ನಿಮ್ಮ ಪೈಕಿ ಇದ್ದರೆ ಇನ್ನೂ ಒಳ್ಳೆಯದು.

ಆ ಹುಡುಗನಿಗೆ ವಿಡಿಯೋ ಕಳಿಸಿದ ಸೋದರಮಾವನಿಗೂ ಆಮಂತ್ರಣ ಇದೆ. ಅವರನ್ನು ಯಾರೂ ನಗೆಪಾಟಲು ಮಾಡುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ. ಅವರಿಗೂ ಒಂದು ಚೀಟಿ ಕೊಡುತ್ತೇವೆ, ಅಷ್ಟೇ.

ಶನಿವಾರ ಬೆಳಿಗ್ಗೆ ಏಳೂವರೆಗೆ ಮೈದಾನದಲ್ಲಿ ಸೇರೋಣ. ಬಿಸಿಲು ಏರಿದರೆ ನೆರಳು ಗಿಡ್ಡ ಆಗುತ್ತದೆ, ಹಾಗಾಗಿ ದಯವಿಟ್ಟು ತಡ ಮಾಡಬೇಡಿ. ಕೋಲು ಶಾಲೆಯಲ್ಲಿವೆ. ಜಾತ್ರೆಯ ಫೋಟೋ ಇರುವ ಮೊಬೈಲ್ ತನ್ನಿ, ಚಾರ್ಜ್ ಮಾಡಿಕೊಂಡು ಬನ್ನಿ. ಶಾಲೆಯಲ್ಲಿ ಕರೆಂಟಿನದು ನಿಮಗೆ ಗೊತ್ತೇ ಇದೆ. ಹೊಲದ ಕೆಲಸ ಇದ್ದವರು ಒಂಬತ್ತಕ್ಕೆಲ್ಲ ಹೊರಡಬಹುದು. ಚಹಾದ ವ್ಯವಸ್ಥೆ ಹತ್ತನೇ ತರಗತಿಯವರದು.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು