ಮಳೆಗಾಲದ ಪಂದ್ಯಾಟಕ್ಕೆ ಮೊದಲು ರೆಫರಿಗಳನ್ನು ತಯಾರು ಮಾಡಿ

ಮಾನ್ಯ ಸಂಪಾದಕರೇ,

ಶಾಲೆ-ಕಾಲೇಜುಗಳ ಫುಟ್‌ಬಾಲ್ ಶುರುವಾಯಿತೆಂದರೆ ಮಂಗಳೂರಿನ ನೆಹರೂ ಮೈದಾನದಿಂದ ಕಸಬಾ ಬೆಂಗರೆಯ ಮರಳಿನವರೆಗೆ, ಉಳ್ಳಾಲದಿಂದ ಮಣಿಪಾಲದವರೆಗೆ ಚೆಂಡು ನಿಲ್ಲುವುದಿಲ್ಲ. ಟ್ರೋಫಿ, ಜೆರ್ಸಿ, ಹೊನಲು ಬೆಳಕು, ಮೈಕು ಎಲ್ಲವನ್ನೂ ಸಂಘಟಕರು ವಾರಗಳ ಮೊದಲೇ ಹೊಂದಿಸಿಕೊಳ್ಳುತ್ತಾರೆ. ರೆಫರಿಯನ್ನು ಮಾತ್ರ ಹಿಂದಿನ ದಿನ ಹುಡುಕುತ್ತಾರೆ. ಸಿಗದಿದ್ದರೆ ಒಂದು ಕಾಲದಲ್ಲಿ ಚೆನ್ನಾಗಿ ಆಡಿದ್ದ ಯಾರದಾದರೂ ಕೈಗೆ ಸೀಟಿ ಕೊಡುತ್ತಾರೆ. ಆಡಿದವರಿಗೆ ಆಟ ಗೊತ್ತಿರುತ್ತದೆ, ನಿಜ. ಆದರೆ ಆಟಗಾರನ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ರೆಫರಿಯ ಕಣ್ಣು ಚೆಂಡು ಇಲ್ಲದ ಕಡೆಗೂ ಹೋಗಬೇಕು. ಅದು ಬೇರೆಯೇ ಕಸುಬು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಪ್ರತಿ ವರ್ಷ ಏಪ್ರಿಲ್-ಮೇ ರಜೆಯಲ್ಲಿ ರೆಫರಿ ತರಬೇತಿ ಶಿಬಿರ ನಡೆಯಬೇಕು. ಅದು ಹೇಗಿರಬೇಕು ಎಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ.

ಮೊದಲು ನಿಯಮ. ಫುಟ್‌ಬಾಲಿನ ನಿಯಮಗಳು 17. 1886ರಲ್ಲಿ ಹುಟ್ಟಿದ, ಫುಟ್‌ಬಾಲಿನ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಇಫಾಬ್ ಅವನ್ನು ವರ್ಷವರ್ಷವೂ ತಿದ್ದುತ್ತದೆ. ಈಗ ಬದಲಾವಣೆಗಳು ಜುಲೈ 1ರಿಂದ ಜಾರಿಯಾಗುತ್ತವೆ. ಹತ್ತು ವರ್ಷದ ಹಿಂದೆ ಕಲಿತ ನಿಯಮ ಇಟ್ಟುಕೊಂಡು ಇಂದು ಸೀಟಿ ಊದಿದರೆ ತಪ್ಪಾಗುವುದು ಖಚಿತ. ಗೋಲ್‌ಕಿಕ್ ಪೆನಾಲ್ಟಿ ಆವರಣದಿಂದ ಹೊರಗೆ ಬಂದ ಮೇಲೆಯೇ ಚೆಂಡು ಆಟಕ್ಕೆ ಸೇರುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. 2019ರಿಂದ, ಒದ್ದ ಚೆಂಡು ಸ್ಪಷ್ಟವಾಗಿ ಕದಲಿದರೆ ಸಾಕು. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಂಡರೆ 2025ರಿಂದ ಎದುರಾಳಿಗೆ ಕಾರ್ನರ್ ಕಿಕ್ ಸಿಗುತ್ತದೆ. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಎಲ್ಲರಿಗೂ ಕಾಣುವಂತೆ ಎಣಿಸಬೇಕು. ಇನ್ನು ‘ಹ್ಯಾಂಡ್! ಹ್ಯಾಂಡ್!’ ಎಂಬ ಕೂಗು. ತೋಳು ಎಂದರೆ ಕಂಕುಳಿನ ತಳಮಟ್ಟದಿಂದ ಕೆಳಗಿನ ಭಾಗ ಮಾತ್ರ. ಭುಜಕ್ಕೆ ತಾಗಿದರೆ ಹ್ಯಾಂಡ್ ಅಲ್ಲ. ಕೈಗೆ ತಾಗಿದ್ದೆಲ್ಲವೂ ತಪ್ಪಲ್ಲ, ಆದರೆ ಆಕಸ್ಮಿಕವಾಗಿ ತನ್ನದೇ ಕೈಗೆ ತಾಗಿದ ತಕ್ಷಣ ಆಟಗಾರ ಗೋಲು ಹೊಡೆದರೆ ಆ ಗೋಲು ಇಲ್ಲ.

ಫೌಲಿನಲ್ಲಿ ಮೂರು ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿಸಬೇಕು. ಅಜಾಗರೂಕತೆಗೆ ಬರೀ ಫ್ರೀ ಕಿಕ್. ಎದುರಾಳಿಗೆ ಏನಾದೀತೆಂದು ಲೆಕ್ಕಿಸದ ದುಡುಕಿಗೆ ಹಳದಿ ಕಾರ್ಡ್. ಮಿತಿಮೀರಿದ ಬಲಕ್ಕೆ ಕೆಂಪು. ಪಂದ್ಯಾಟದ ಗಲಾಟೆಗಳು ಹೆಚ್ಚಾಗಿ ಹುಟ್ಟುವುದು ಎರಡನೇ ಮೆಟ್ಟಿಲಿನಲ್ಲಿ: ಮೊದಲ ಹತ್ತು ನಿಮಿಷದಲ್ಲಿ ಕೊಡಬೇಕಿದ್ದ ಹಳದಿಯನ್ನು ‘ಇನ್ನೂ ಈಗ ಶುರುವಷ್ಟೇ’ ಎಂದು ಕಿಸೆಯಲ್ಲೇ ಇಟ್ಟುಕೊಂಡರೆ ಮುಂದೆ ಇಬ್ಬರ ಕಾಲು ಹೋಗುತ್ತದೆ.

ನಿಯಮ ಗೊತ್ತಿದ್ದರೆ ಸಾಲದು, ನೋಡಲು ಹತ್ತಿರವಿರಬೇಕು. ಅದಕ್ಕೆ ಓಟ ಬೇಕು. ಫಿಫಾ ಮಟ್ಟದ ಪುರುಷ ರೆಫರಿಗಿರುವ ಪರೀಕ್ಷೆ ಹೀಗಿದೆ: 40 ಮೀಟರನ್ನು 6 ಸೆಕೆಂಡಿನೊಳಗೆ, ಆರು ಬಾರಿ. ಆಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ, ಹೀಗೆ 40 ಬಾರಿ. ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಹತ್ತು ಸುತ್ತು, 22 ನಿಮಿಷ. ಜಿಲ್ಲಾ ಮಟ್ಟದ ಹೊಸಬರಿಂದ ಇಷ್ಟು ಕೇಳಬೇಕಿಲ್ಲ. ಗುರಿ ಯಾವ ಕಡೆಗಿದೆ ಎಂದು ತಿಳಿದಿದ್ದರೆ ಸಾಕು. ಟ್ರ್ಯಾಕಿಗೂ ಕೊರತೆಯಿಲ್ಲ: ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೂ ಉಡುಪಿಯ ಅಜ್ಜರಕಾಡಿನಲ್ಲೂ ಸಿಂಥೆಟಿಕ್ ಟ್ರ್ಯಾಕ್ ಇದೆ. 75 ಮೀಟರಿಗೆ 20 ಸೆಕೆಂಡ್, ನಡಿಗೆಗೆ 25 ಸೆಕೆಂಡ್ ಇಟ್ಟು ಐದು ಸುತ್ತಿನಿಂದ ಆರಂಭಿಸಿ, ವಾರಕ್ಕೆ ಒಂದು ಸುತ್ತು ಏರಿಸಿ, ಹತ್ತು ಸುತ್ತು ಕೈಗೂಡಿದ ಮೇಲೆ ಸಮಯ ಇಳಿಸಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಫೇಲಾಗುವವರಲ್ಲಿ ಹೆಚ್ಚಿನವರು ದಮ್ಮಿಲ್ಲದೆ ಫೇಲಾಗುವುದಲ್ಲ. ಮೊದಲ ಎರಡು ಸುತ್ತಿನಲ್ಲಿ 75 ಮೀಟರನ್ನು 12 ಸೆಕೆಂಡಿನಲ್ಲೇ ಮುಗಿಸಿ ಗೆರೆಯ ಬಳಿ ಕಾಯುತ್ತಾರೆ, ಆರನೇ ಸುತ್ತಿಗೆ ಕಾಲು ಏಳುವುದಿಲ್ಲ. ಸೀಟಿಯ ಹೊತ್ತಿಗೆ ಸರಿಯಾಗಿ ಗೆರೆ ಮುಟ್ಟುವುದನ್ನು ಅಭ್ಯಾಸ ಮಾಡಿಸಬೇಕು. ಕರಾವಳಿಯ ಮೇ ಸೆಕೆಯಲ್ಲಿ ಇದನ್ನು ಬೆಳಿಗ್ಗೆ ಏಳರೊಳಗೆ ಮುಗಿಸುವುದು ಒಳ್ಳೆಯದು.

ಶಿಬಿರದ ಅರ್ಧ ಸಮಯವನ್ನು ಲೈನಿಗೆ, ಅಂದರೆ ಬದಿಗೆರೆಯಲ್ಲಿ ಬಾವುಟ ಹಿಡಿಯುವ ಸಹಾಯಕ ರೆಫರಿಯ ಕೆಲಸಕ್ಕೆ, ಕೊಡಿ ಎಂಬುದು ನನ್ನ ಕಳಕಳಿಯ ವಿನಂತಿ. ನಮ್ಮಲ್ಲಿ ಲೈನ್ಸ್‌ಮನ್ ಎಂದರೆ ಬಾವುಟ ಹಿಡಿಯಲು ಸಿಕ್ಕಿದ ಯಾರಾದರೂ ಆದೀತು ಎಂಬ ಭಾವನೆಯಿದೆ. ಆದರೆ ಪಂದ್ಯದ ಫಲಿತಾಂಶ ತಿರುಗುವುದು ಅವನ ಬಾವುಟದಲ್ಲಿ. ಅವನು ಸದಾ ಕೊನೆಯಿಂದ ಎರಡನೇ ಡಿಫೆಂಡರ್‌ನ ನೇರಕ್ಕೆ ಇರಬೇಕು (ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್). ಚೆಂಡು ಆ ಡಿಫೆಂಡರ್‌ಗಿಂತಲೂ ಗೋಲಿನ ಹತ್ತಿರವಿದ್ದರೆ ಚೆಂಡಿನ ನೇರಕ್ಕೆ. ಗೋಲ್‌ಕೀಪರ್ ಮುಂದೆ ನುಗ್ಗಿ ಬಂದಿದ್ದರೆ ಲೆಕ್ಕ ಬದಲಾಗುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಮೀಟರ್ ಹಿಂದುಮುಂದಾದರೂ ಓರೆನೋಟದಲ್ಲಿ ಸಮನಾಗಿರುವವನು ಮುಂದಿದ್ದಂತೆ ಕಾಣುತ್ತಾನೆ. ಆಫ್‌ಸೈಡ್, ಅಂದರೆ ದಾಳಿಯ ಆಟಗಾರ ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತಲೂ ಆ ಡಿಫೆಂಡರ್‌ಗಿಂತಲೂ ಗೋಲುಗೆರೆಗೆ ಹತ್ತಿರವಿದ್ದಾನೆಯೇ ಎಂದು ನೋಡಬೇಕಾದದ್ದು ಚೆಂಡು ತಲುಪಿದಾಗ ಅಲ್ಲ, ಜತೆ ಆಟಗಾರನ ಕಾಲಿನಿಂದ ಹೊರಟಾಗ. ತಲೆ, ಮೈ, ಪಾದ ಲೆಕ್ಕಕ್ಕೆ, ಕೈ ಇಲ್ಲ. ಥ್ರೋ, ಕಾರ್ನರ್, ಗೋಲ್‌ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಬಾವುಟ ಏಳಬೇಕಾದದ್ದು ಆಫ್‌ಸೈಡ್ ಜಾಗದಲ್ಲಿದ್ದ ಆಟಗಾರ ಆಟದಲ್ಲಿ ಭಾಗಿಯಾದ ಮೇಲೆ. ನಿಂತ ಜಾಗ ನೋಡಿ ಅವಸರದಿಂದ ಎತ್ತಿದರೆ, ಹಿಂದಿನಿಂದ ಓಡಿಬಂದ ಇನ್ನೊಬ್ಬನ ನ್ಯಾಯವಾದ ಗೋಲು ಸಾಯುತ್ತದೆ. ಇದಕ್ಕೆ ಒಳ್ಳೆಯ ಅಭ್ಯಾಸ: ಇಬ್ಬರು ಆಟಗಾರರನ್ನು ಎದುರುಬದುರು ಓಡಿಸಿ, ಪಾಸ್ ಹೊರಟ ಕ್ಷಣ ಲೈನ್ಸ್‌ಮನ್ ಅಲ್ಲೇ ನಿಲ್ಲಬೇಕು, ಮೊಬೈಲಿನಲ್ಲಿ ಅದೇ ನೇರದಿಂದ ತೆಗೆದ ವೀಡಿಯೊ ಜತೆ ತಾಳೆ ನೋಡಬೇಕು.

ನಡುವಿನ ರೆಫರಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡಬೇಕು, ಚೆಂಡು ಅವನಿಗೂ ಲೈನ್ಸ್‌ಮನ್‌ಗೂ ನಡುವೆ ಇರುವಂತೆ. ಹೊಸಬರು ಮೈದಾನದ ಮಧ್ಯದಲ್ಲೇ ಓಡಿ ಪಾಸ್ ಹೋಗುವ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಸೀಟಿ ಕೈಯಲ್ಲಿರಲಿ, ಬಾಯಿಯಲ್ಲಿ ಬೇಡ. ಬಾಯಿಯಲ್ಲಿದ್ದರೆ ಫೌಲ್ ಕಂಡ ಕೂಡಲೇ ಊದಿಬಿಡುತ್ತೇವೆ, ಅಡ್ವಾಂಟೇಜ್ ಕೊಡಲು (ಫೌಲಿಗೊಳಗಾದ ತಂಡಕ್ಕೆ ಲಾಭವಿದ್ದರೆ ಆಟ ಮುಂದುವರಿಯಲು ಬಿಡಲು) ಬೇಕಾದ ಒಂದೆರಡು ಸೆಕೆಂಡ್ ಸಿಗುವುದಿಲ್ಲ.

ನಮ್ಮ ಮಳೆಗೆ ತಕ್ಕ ಪಾಠವೂ ಇರಲಿ. ಒಳಗೆ ಬಿರಡೆಯ ಗುಂಡು ಇರುವ ಸೀಟಿ ಒದ್ದೆಯಾದರೆ ದನಿ ಕಟ್ಟುತ್ತದೆ. ಗುಂಡಿಲ್ಲದ್ದನ್ನು ಕೊಳ್ಳಬೇಕು, ಕಿಸೆಯಲ್ಲಿ ಇನ್ನೊಂದು ಇಟ್ಟುಕೊಳ್ಳಬೇಕು. ಬರೆಯಲು ಪೆನ್ಸಿಲ್, ಪೆನ್ನಿನ ಶಾಯಿ ಹರಡುತ್ತದೆ. ಎರಡು ವಾಚು, ಎರಡು ಕಾರ್ಡಿಗೆ ಎರಡು ಬೇರೆ ಕಿಸೆ. ಪಂದ್ಯಕ್ಕೆ ಮೊದಲು ನೀರು ನಿಂತ ಕಡೆ ಚೆಂಡನ್ನು ಎತ್ತರದಿಂದ ಬಿಟ್ಟು, ಉರುಳಿಸಿ ನೋಡಬೇಕು. ಪುಟಿಯದೆ, ಉರುಳದೆ ನಿಂತರೆ ಆಟ ಬೇಡ. ಸುಣ್ಣದ ಗೆರೆ ಅಳಿಸಿಹೋದರೆ ಮತ್ತೆ ಅಳೆಯಲು ಟೇಪ್ ಇರಲಿ: ಪೆನಾಲ್ಟಿ ಗುರುತು 11 ಮೀಟರ್, ಆವರಣ 16.5 ಮೀಟರ್. ಚೆಂಡು 410ರಿಂದ 450 ಗ್ರಾಂ. ಪಂದ್ಯಕ್ಕೆ ಒಣಗಿದ್ದನ್ನೇ ತರಿಸಿ. ಎತ್ತಿಡುವ ಗೋಲುಕಂಬಗಳನ್ನು ನೆಲಕ್ಕೆ ಬಿಗಿದಿದ್ದಾರೆಯೇ ಎಂದು ಕೈಯಲ್ಲಿ ಅಲುಗಿಸಿ ನೋಡದೆ ಆಟ ಶುರು ಮಾಡಬಾರದು, ಮಕ್ಕಳ ಮೇಲೆ ಬಿದ್ದರೆ ಜೀವಕ್ಕೇ ಅಪಾಯ. ಉಂಗುರ, ಸರ, ಕಿವಿಯೋಲೆ ತೆಗೆಸಬೇಕು; ಟೇಪ್ ಸುತ್ತಿ ಮುಚ್ಚಿದರೂ ನಿಯಮ ಒಪ್ಪುವುದಿಲ್ಲ. ಮೇ ಮತ್ತು ಅಕ್ಟೋಬರಿನ ಸಂಜೆ ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರನ್ನೂ ಒಳಗೆ ಕಳುಹಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಬಹುಮಾನ ವಿತರಣೆಗೆ ಅತಿಥಿಗಳು ಬಂದು ಕೂತಿದ್ದಾರೆ ಎಂಬ ಒತ್ತಡಕ್ಕೆ ರೆಫರಿ ಮಣಿಯಬಾರದು.

ವರದಿ ಬರೆಯುವುದನ್ನೂ ಕಲಿಸಬೇಕು. ‘ಅಸಭ್ಯವಾಗಿ ವರ್ತಿಸಿದ’ ಎಂದು ಬರೆದರೆ ಶಿಸ್ತು ಸಮಿತಿಗೆ ಏನೂ ತಿಳಿಯದು. ಯಾವ ನಿಮಿಷ, ಯಾವ ನಂಬರಿನ ಜೆರ್ಸಿ, ಏನು ಮಾಡಿದ, ಆಡಿದ ಮಾತು ಯಾವುದು ಎಂಬುದನ್ನು ಬರೆಯಬೇಕು; ಮಾತು ತುಳುವಿನಲ್ಲಿದ್ದರೆ ಅದನ್ನು ತುಳುವಿನಲ್ಲೇ ಬರೆಯಬೇಕು.

ಹುಡುಗಿಯರನ್ನು ಈ ಶಿಬಿರಕ್ಕೆ ಕರೆಯಲೇಬೇಕು. ನಮ್ಮದೇ ಕರಾವಳಿಯ ನೆರೆಯ ಗೋವಾದ ಉವೆನಾ ಫರ್ನಾಂಡಿಸ್ 2016ರ 17 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು. 2002ರ ಪುರುಷರ ವಿಶ್ವಕಪ್‌ನಲ್ಲಿ ಚೆನ್ನೈನ ಕೋಮಲೇಶ್ವರನ್ ಶಂಕರ್ ಬಾವುಟ ಹಿಡಿದಿದ್ದರು. ನಮ್ಮ ಕಾಲೇಜುಗಳಲ್ಲಿ ಆಡುತ್ತಿರುವ ಹುಡುಗಿಯರಿಗೆ ಆಟ ಮುಗಿದ ಮೇಲೂ ಮೈದಾನದಲ್ಲಿ ಉಳಿಯುವ ದಾರಿ ಇದು. ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆ ಕೊಡುವುದು ಸಂಘಟಕರ ಕರ್ತವ್ಯ.

ಜಿಲ್ಲಾ ಫುಟ್‌ಬಾಲ್ ಸಂಸ್ಥೆಗಳು ರಾಜ್ಯ ಸಂಸ್ಥೆಯಿಂದ ಬೋಧಕರನ್ನು ಕರೆಸಲಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಟ್ರ್ಯಾಕನ್ನು ಬೆಳಗಿನ ಹೊತ್ತು ಬಿಟ್ಟುಕೊಡಲಿ, ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ಶಾಲೆಯಿಂದ ಇಬ್ಬರನ್ನಾದರೂ ಕಳುಹಿಸಲಿ. ಪಾಠ ಕನ್ನಡದಲ್ಲಿ ನಡೆಯಲಿ. ಕಲಿತವರನ್ನು ನೇರ ಫೈನಲಿಗೆ ನಿಲ್ಲಿಸದೆ, ಮೊದಲು ಪ್ರಾಥಮಿಕ ಶಾಲೆಯ ಮಕ್ಕಳ ಪಂದ್ಯಗಳಲ್ಲಿ ಲೈನಿಗೆ, ಆಮೇಲೆ ಸೀಟಿಗೆ ಹಾಕಿ, ಪಕ್ಕದಲ್ಲಿ ಒಬ್ಬ ಹಿರಿಯ ರೆಫರಿ ಪುಸ್ತಕ ಹಿಡಿದು ನಿಂತು ಪಂದ್ಯದ ನಂತರ ಎರಡು ಮೂರು ತಪ್ಪುಗಳನ್ನಷ್ಟೇ ಹೇಳಲಿ. ಪಂದ್ಯಾಟದ ಸಂಘಟಕರು ಆಮಂತ್ರಣ ಅಚ್ಚು ಹಾಕಿಸುವ ಮೊದಲು ಮೂವರು ತರಬೇತಾದ ರೆಫರಿಗಳ ಸಂಭಾವನೆಯನ್ನು ಖರ್ಚಿನ ಪಟ್ಟಿಯಲ್ಲಿ ಬರೆದಿಡಲಿ. ತಂಡದ ನಾಯಕನನ್ನು ಬಿಟ್ಟು ಬೇರೆ ಯಾರೂ ರೆಫರಿಯ ಬಳಿ ವಾದಕ್ಕೆ ಬರಬಾರದೆಂದು ಟಾಸಿನ ಮೊದಲೇ ಮೈಕಿನಲ್ಲಿ ಹೇಳಲಿ.

– ಫುಟ್‌ಬಾಲ್ ರೆಫರಿ ತರಬೇತುದಾರ, ಬೋಳಾರ, ಮಂಗಳೂರು