ಏಜೆಂಟನ ಮೋಸಕ್ಕೆ ವಿಶ್ವವಿದ್ಯಾಲಯವೂ ಉತ್ತರ ಹೇಳಬೇಕು

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಓದಲು ಹೊರಟು ಮೋಸಹೋದ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಏಜೆಂಟನ ಬಂಧನವಾಗುತ್ತದೆ, ಕಚೇರಿಗೆ ಬೀಗ ಬೀಳುತ್ತದೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಏಜೆಂಟನ ಜತೆ ಒಪ್ಪಂದಕ್ಕೆ ಸಹಿ ಹಾಕಿ ಕಮಿಷನ್ ಕೊಡುತ್ತಿದ್ದ ವಿಶ್ವವಿದ್ಯಾಲಯ ಯಾವುದು, ಅವನ ಕೆಲಸವನ್ನು ಅದು ಕಡೆಯ ಸಲ ಪರಿಶೀಲಿಸಿದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಎದುರು ಕೂರಿಸಿಕೊಂಡು ‘ನಿನಗೆ ಯಾವ ಕೋರ್ಸ್ ಹೊಂದುತ್ತದೆ ನೋಡೋಣ’ ಎನ್ನುವ ವ್ಯಕ್ತಿಯನ್ನು ವಿದ್ಯಾರ್ಥಿ ತನ್ನ ಸಲಹೆಗಾರ ಎಂದುಕೊಳ್ಳುತ್ತಾನೆ. ಒಪ್ಪಂದದ ಪ್ರಕಾರ ಆತ ವಿಶ್ವವಿದ್ಯಾಲಯದ ಪ್ರತಿನಿಧಿ. ಮೊದಲ ವರ್ಷದ ಬೋಧನಾ ಶುಲ್ಕದಲ್ಲಿ ಶೇ 10ರಿಂದ 20ರವರೆಗೆ ಕಮಿಷನ್ ಸಾಮಾನ್ಯ. ಕೆಲವೆಡೆ ಅದಕ್ಕೂ ಹೆಚ್ಚು. ವಿದ್ಯಾರ್ಥಿ ಹೋಗಿ ದಾಖಲಾಗಿ, ಶುಲ್ಕ ವಾಪಸ್ ಕೇಳುವ ಗಡುವು ಮುಗಿದ ಮೇಲೆ ಆ ಹಣ ಏಜೆಂಟನ ಖಾತೆಗೆ ಬರುತ್ತದೆ. ‘ನಮ್ಮ ಸಲಹೆ ಸಂಪೂರ್ಣ ಉಚಿತ’ ಎಂದು ಬರೆದಿದ್ದರೆ ದುಡ್ಡು ಬೇರೆ ಕಡೆಯಿಂದ ಬರುತ್ತಿದೆ ಎಂದರ್ಥ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಶುಲ್ಕವಿಲ್ಲದ ಕಡೆ ಶೇಕಡಾವಾರು ಕಮಿಷನ್ ಎಲ್ಲಿಂದ ಬರಬೇಕು? ಉಚಿತ ಸಲಹೆಯ ಪಟ್ಟಿಯಲ್ಲಿ ಅವುಗಳ ಹೆಸರು ಅಪರೂಪವಾಗಲು ಇದೊಂದು ಕಾರಣ.

ಕಮಿಷನ್ ಪದ್ಧತಿಯೇ ಬೇಡ ಎಂಬುದು ನಮ್ಮ ವಾದವಲ್ಲ. ಹತ್ತು ದೇಶಗಳಲ್ಲಿ ಸ್ವಂತ ಕಚೇರಿ ತೆರೆಯುವುದು ಸಣ್ಣ ವಿಶ್ವವಿದ್ಯಾಲಯಗಳಿಗೆ ಆಗದ ಮಾತು, ಮತ್ತು ನೇರ್ಪಾಗಿ ಕೆಲಸ ಮಾಡುವ ಏಜೆಂಟರು ಬೇಕಾದಷ್ಟಿದ್ದಾರೆ. ಆದರೆ ಇದರ ಅಪಾಯ ಆಳುವವರಿಗೆ ಗೊತ್ತಿಲ್ಲದ್ದೇನಲ್ಲ. ಕೇಂದ್ರ (ಫೆಡರಲ್) ಸರಕಾರದ ವಿದ್ಯಾರ್ಥಿ ನೆರವು ಪಡೆಯುವ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆ ನಿಷೇಧಿಸಿದೆ. ಆ ನೆರವಿಗೆ ಅರ್ಹರಲ್ಲದ, ಹೊರದೇಶದಲ್ಲಿರುವ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ವಿನಾಯಿತಿ. ತಮ್ಮ ಮನೆಯ ಮಕ್ಕಳಿಗೆ ಅಪಾಯ ಎನಿಸಿದ್ದು ಪರರ ಮಕ್ಕಳಿಗೆ ಅಡ್ಡಿಯಿಲ್ಲ!

ನಿಯಮ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ಆಸ್ಟ್ರೇಲಿಯಾದಲ್ಲಿ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಸಂಸ್ಥೆಗಳು ಪಾಲಿಸಬೇಕಾದ, ಅಲ್ಲಿನ 2018ರ ರಾಷ್ಟ್ರೀಯ ಸಂಹಿತೆಯ 4ನೇ ಮಾನದಂಡ ಪೂರ್ತಿ ಏಜೆಂಟರ ಕುರಿತದ್ದು. ಪ್ರತಿ ಏಜೆಂಟನ ಜತೆ ಲಿಖಿತ ಒಪ್ಪಂದ ಇರಬೇಕು. ಅವನನ್ನು ಹೇಗೆ ಗಮನಿಸುತ್ತೀರಿ, ತಪ್ಪಿದಾಗ ಏನು ಕ್ರಮ, ಯಾವಾಗ ಒಪ್ಪಂದ ಮುರಿಯುತ್ತೀರಿ ಎಂಬುದು ಅದರಲ್ಲೇ ಬರೆದಿರಬೇಕು. ಸುಳ್ಳು ಹೇಳಿ ವಿದ್ಯಾರ್ಥಿಗಳನ್ನು ಸೇರಿಸುತ್ತಿದ್ದಾನೆಂದು ತಿಳಿದರೆ ತಕ್ಷಣ ಒಪ್ಪಂದ ರದ್ದು ಮಾಡಬೇಕು. ಪ್ರಿಸ್ಮ್ಸ್ ಎಂಬ ಸರಕಾರಿ ದಾಖಲೆ ವ್ಯವಸ್ಥೆಯಲ್ಲಿ ಏಜೆಂಟನ ವಿವರ ಇರಬೇಕು, ಏಜೆಂಟರ ಪಟ್ಟಿ ಸಂಸ್ಥೆಯ ಜಾಲತಾಣದಲ್ಲಿ ಪ್ರಕಟವಾಗಿರಬೇಕು. ಬ್ರಿಟನ್ ಬೇರೆ ಕಡೆಯಿಂದ ಹಗ್ಗ ಬಿಗಿಯುತ್ತಿದೆ. ವಿದೇಶಿ ವಿದ್ಯಾರ್ಥಿಗಳನ್ನು ಪ್ರಾಯೋಜಿಸುವ ಪರವಾನಗಿ ಉಳಿಯಬೇಕಾದರೆ ವೀಸಾ ತಿರಸ್ಕಾರ ಶೇ 10ಕ್ಕಿಂತ ಕಡಿಮೆ, ದಾಖಲಾತಿ ಕನಿಷ್ಠ ಶೇ 90, ಕೋರ್ಸ್ ಪೂರ್ಣಗೊಳಿಸಿದವರು ಕನಿಷ್ಠ ಶೇ 85 ಇರಬೇಕೆಂಬ ಲೆಕ್ಕವಿತ್ತು. ಮೂರನ್ನೂ ಐದೈದು ಅಂಶ ಬಿಗಿಗೊಳಿಸುವುದಾಗಿ 2025ರ ಮೇ ತಿಂಗಳ ಶ್ವೇತಪತ್ರ ಹೇಳಿತು. ಏಜೆಂಟರನ್ನು ಬಳಸುವ ವಿಶ್ವವಿದ್ಯಾಲಯಗಳು ‘ಏಜೆಂಟ್ ಗುಣಮಟ್ಟ ಚೌಕಟ್ಟಿಗೆ’ ಒಪ್ಪಿ ಸಹಿ ಮಾಡಬೇಕೆಂದೂ ಅದರಲ್ಲಿದೆ. ಇಪ್ಪತ್ತು ವೀಸಾ ಅರ್ಜಿಗಳಲ್ಲಿ ಒಂದು ತಿರಸ್ಕಾರವಾದರೆ ಶೇ 5 ಮುಟ್ಟಿದಂತೆ. ಒಬ್ಬ ಅಜಾಗರೂಕ ಏಜೆಂಟ್ ಇಡೀ ವಿಶ್ವವಿದ್ಯಾಲಯದ ಪರವಾನಗಿಗೇ ಕುತ್ತು ತರಬಲ್ಲ.

ಇನ್ನು ನೇಮಕದ ವಿಷಯ. ಹೆಚ್ಚಿನ ಕಡೆ ಇದು ಮೇಳವೊಂದರಲ್ಲಿ ವಿಸಿಟಿಂಗ್ ಕಾರ್ಡ್ ಕೈಬದಲಾಗುವುದರಿಂದ ಶುರುವಾಗಿ, ಇಮೇಲಿನಲ್ಲಿ ಬಂದ ಸಹಿಯೊಂದಿಗೆ ಮುಗಿಯುತ್ತದೆ. ಸರಿಯಾಗಿ ಮಾಡಿದರೆ ಆರೆಂಟು ವಾರದ ಕೆಲಸ. ಕಂಪನಿಯ ನೋಂದಣಿ ಪತ್ರದ ಜತೆ ಮಾಲೀಕರ, ನಿರ್ದೇಶಕರ ಹೆಸರುಗಳನ್ನೂ ಪಡೆಯಬೇಕು. ಒಂದು ಕಡೆ ಕಿತ್ತುಹಾಕಿಸಿಕೊಂಡವನು ಹೆಂಡತಿಯ ಅಥವಾ ಭಾವಮೈದುನನ ಹೆಸರಲ್ಲಿ ಹೊಸ ಫಲಕ ತೂಗುಹಾಕಿ ಅದೇ ಬಾಗಿಲಿಗೆ ಮತ್ತೆ ಬರುತ್ತಾನೆ; ಕಂಪನಿಯ ಹೆಸರೊಂದನ್ನೇ ಹುಡುಕಿದರೆ ಸಿಗುವುದಿಲ್ಲ. ಕಮಿಷನ್ ಹೋಗುವ ಬ್ಯಾಂಕ್ ಖಾತೆ ಒಪ್ಪಂದದಲ್ಲಿರುವ ಹೆಸರಿನಲ್ಲೇ, ಆ ಕಂಪನಿ ಕೆಲಸ ಮಾಡುವ ದೇಶದಲ್ಲೇ ಇರಬೇಕು. ಅವನು ಈಗಾಗಲೇ ಕೆಲಸ ಮಾಡುತ್ತಿರುವ ಎರಡು ಸಂಸ್ಥೆಗಳ ಶಿಫಾರಸು ಕೇಳುವುದು ವಾಡಿಕೆ. ಆದರೆ ಏಜೆಂಟ್ ತಾನೇ ಕೊಟ್ಟ ಹೆಸರುಗಳು ಒಳ್ಳೆಯದನ್ನೇ ಹೇಳುತ್ತವೆ. ಅವನು ಕೊಡದ ಮೂರನೆಯ ಸಂಸ್ಥೆಗೆ ಫೋನ್ ಮಾಡಬೇಕು. ‘ಹೇಗಿದ್ದಾರೆ?’ ಎಂದರೆ ‘ಚೆನ್ನಾಗಿದ್ದಾರೆ’ ಎಂಬ ಉತ್ತರವಷ್ಟೇ ಬರುತ್ತದೆ. ಕಳೆದ ಎರಡು ವರ್ಷದಲ್ಲಿ ಎಷ್ಟು ಅರ್ಜಿ ಕಳಿಸಿದರು, ಎಷ್ಟು ಜನ ಬಂದು ಸೇರಿದರು, ಎಷ್ಟು ವೀಸಾ ತಿರಸ್ಕೃತವಾದವು, ಸೇರಿದವರಲ್ಲಿ ಎರಡನೇ ವರ್ಷಕ್ಕೆ ಎಷ್ಟು ಜನ ಉಳಿದರು ಎಂಬ ನಾಲ್ಕು ಸಂಖ್ಯೆ ಕೇಳಬೇಕು.

ಮೊದಲ ಒಪ್ಪಂದ ಒಂದು ವರ್ಷಕ್ಕೆ ಮೀರಬಾರದು. ಯಾವ ಪ್ರದೇಶ, ವಿದ್ಯಾರ್ಥಿಯಿಂದ ಪ್ರತ್ಯೇಕ ಶುಲ್ಕ ತೆಗೆದುಕೊಳ್ಳಬಹುದೇ, ತೆಗೆದುಕೊಂಡರೆ ಅದಕ್ಕೆ ರಸೀದಿ ಹೇಗೆ, ಜಾಹೀರಾತಿನಲ್ಲಿ ಲಾಂಛನ ಬಳಸುವ ಮುನ್ನ ಯಾರ ಒಪ್ಪಿಗೆ ಬೇಕು ಎಂಬುದೆಲ್ಲ ಕಾಗದದಲ್ಲಿರಲಿ. ಬೋಧನಾ ಶುಲ್ಕ ಏಜೆಂಟನ ಖಾತೆಯ ಮೂಲಕ ಹಾದುಬರಲೇಕೂಡದು. ತರಬೇತಿ ಕೊಡಬೇಕಾದ್ದು ವಿದ್ಯಾರ್ಥಿಗಳ ಎದುರು ಕೂರುವ ಪ್ರತಿಯೊಬ್ಬ ಸಲಹೆಗಾರರಿಗೆ. ಮಾಲೀಕನಿಗೆ ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆಸಿಕೊಂಡರೆ ಪ್ರಯೋಜನವಿಲ್ಲ. ಈ ಕ್ಷೇತ್ರದಲ್ಲಿ ನೌಕರರು ಬಹಳ ಬೇಗ ಬದಲಾಗುತ್ತಾರೆ. ಕಳೆದ ವರ್ಷ ತರಬೇತಿ ಪಡೆದವರು ಈ ವರ್ಷ ಪಕ್ಕದ ಬೀದಿಯ ಇನ್ನೊಂದು ಕಚೇರಿಯಲ್ಲಿರುತ್ತಾರೆ.

ಕಮಿಷನ್ನಿನ ವಿನ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸದ ಬೀಜ ಬಹಳ ಸಲ ಇಲ್ಲೇ ಬೀಳುತ್ತದೆ. ಒಂದು ವಿಶ್ವವಿದ್ಯಾಲಯದ ವಾರ್ಷಿಕ ಶುಲ್ಕ 20,000 ಪೌಂಡ್ ಎಂದಿಟ್ಟುಕೊಳ್ಳಿ. ಇಪ್ಪತ್ತು ವಿದ್ಯಾರ್ಥಿಗಳವರೆಗೆ ಶೇ 15, ಇಪ್ಪತ್ತೊಂದನೆಯವನು ಬಂದರೆ ಎಲ್ಲರ ಮೇಲೂ ಶೇ 17.5 ಎಂಬ ಕರಾರಿದೆ. ಇಪ್ಪತ್ತು ಮಂದಿಗೆ ಏಜೆಂಟನಿಗೆ ಸಿಗುವುದು 60,000 ಪೌಂಡ್. ಇಪ್ಪತ್ತೊಂದಾದರೆ 73,500. ಅಂದರೆ ಮಾಮೂಲಿ ವಿದ್ಯಾರ್ಥಿಯ ಬೆಲೆ 3,000 ಪೌಂಡ್ ಆದರೆ, ಕೊನೆಯ ಆ ಒಬ್ಬನ ಬೆಲೆ 13,500! ಗಡುವಿಗೆ ಹತ್ತು ದಿನ ಇರುವಾಗ ಇಪ್ಪತ್ತರಲ್ಲಿ ನಿಂತಿರುವ ಏಜೆಂಟ್ ಎದುರು ಬಂದ ಹುಡುಗನ ಇಂಗ್ಲಿಷ್ ಸಾಲದು, ಬ್ಯಾಂಕಿನಲ್ಲಿ ಹಣ ಸಾಲದು ಎಂದು ವಾಪಸ್ ಕಳಿಸುತ್ತಾನೆಯೇ? ಇಂಥ ಕರಾರು ಬರೆದು ಸಹಿ ಹಾಕಿದ್ದು ವಿಶ್ವವಿದ್ಯಾಲಯ. ಹೆಚ್ಚಿನ ದರ ಕೊಡಲೇಬೇಕಿದ್ದರೆ ಅದು ಇಪ್ಪತ್ತೊಂದನೆಯವರಿಂದ ಮುಂದಿನವರಿಗೆ ಮಾತ್ರ ಅನ್ವಯಿಸಲಿ. ಇನ್ನೂ ಒಳ್ಳೆಯದೆಂದರೆ ಕಮಿಷನ್ನನ್ನು ಎರಡು ಕಂತು ಮಾಡಿ, ಅರ್ಧವನ್ನು ದಾಖಲಾತಿಯ ನಂತರ, ಉಳಿದರ್ಧವನ್ನು ವಿದ್ಯಾರ್ಥಿ ಎರಡನೇ ಸೆಮಿಸ್ಟರ್‌ಗೆ ಶುಲ್ಕ ಕಟ್ಟಿ ತರಗತಿಗೆ ಬಂದ ಮೇಲೆ ಕೊಡುವುದು.

ಎರಡನೇ ಕಂತಿಗೆ ಇನ್ನೊಂದು ಕಾರಣವೂ ಇದೆ. ದೊಡ್ಡ ವಿಶ್ವವಿದ್ಯಾಲಯದ ಹೆಸರಲ್ಲಿ ವೀಸಾ ಪಡೆದು ದೇಶ ಸೇರಿದ ವಿದ್ಯಾರ್ಥಿಯನ್ನು ಕೆಲವೇ ವಾರಗಳಲ್ಲಿ ಅಗ್ಗದ ಕಾಲೇಜಿಗೆ ವರ್ಗಾಯಿಸಿ ಮತ್ತೊಂದು ಕಮಿಷನ್ ಹೊಡೆಯುವ ದಂಧೆ ಆಸ್ಟ್ರೇಲಿಯಾದಲ್ಲಿ ಬೆಳೆದಿತ್ತು. ಮೊದಲ ಆರು ತಿಂಗಳು ಸಂಸ್ಥೆ ಬದಲಿಸುವುದಕ್ಕೆ ನಿರ್ಬಂಧವಿದ್ದರೂ, ಏಕಕಾಲಕ್ಕೆ ಎರಡು ಕಡೆ ದಾಖಲಾಗುವ ಸಂದಿನಲ್ಲಿ ಜನ ನುಸುಳುತ್ತಿದ್ದರು. ಆ ಸಂದನ್ನು ಅಲ್ಲಿನ ಸರಕಾರ 2023ರ ಆಗಸ್ಟ್‌ನಲ್ಲಿ ಮುಚ್ಚಿತು.

ಉಪ ಏಜೆಂಟರದು ಬೇರೆಯದೇ ಕಥೆ. ವಿಶ್ವವಿದ್ಯಾಲಯದ ಪಟ್ಟಿಯಲ್ಲಿರುವುದು ಒಂದು ದೊಡ್ಡ ಕಂಪನಿ ಅಥವಾ ನೂರಾರು ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ಒಟ್ಟುಗೂಡಿಸುವ ಆನ್‌ಲೈನ್ ಅಗ್ರಿಗೇಟರ್. ಅದರ ಕೆಳಗೆ ಸಾವಿರಾರು ಸಣ್ಣ ಕಚೇರಿಗಳು. ವಿದ್ಯಾರ್ಥಿಗೆ ಮಾತು ಕೊಟ್ಟವರು, ದಾಖಲೆ ಸಂಗ್ರಹಿಸಿದವರು ಇವರು. ಆದರೆ ಕಡತದಲ್ಲಿ ಇವರ ಹೆಸರೇ ಇರುವುದಿಲ್ಲ. ದೂರು ಬಂದಾಗ ವಿಶ್ವವಿದ್ಯಾಲಯ ‘ಅವರು ನಮ್ಮ ಏಜೆಂಟರಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ. ಮಾತು ನಿಜವೇ, ಕಾಗದದ ಮಟ್ಟಿಗೆ. ಪರಿಹಾರ ಕಷ್ಟದ್ದಲ್ಲ: ಅರ್ಜಿ ನಮೂನೆಯಲ್ಲಿ ‘ಈ ವಿದ್ಯಾರ್ಥಿಗೆ ಎದುರಾಬದುರು ಸಲಹೆ ಕೊಟ್ಟ ಕಚೇರಿ ಮತ್ತು ವ್ಯಕ್ತಿ’ ಎಂಬ ಕಾಲಂ ಕಡ್ಡಾಯ ಮಾಡಿ, ಅದು ಖಾಲಿಯಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳಬಾರದು.

ಉಸ್ತುವಾರಿ ಎಂದರೆ ವರ್ಷಕ್ಕೊಮ್ಮೆ ಹೋಟೆಲಿನಲ್ಲಿ ಏಜೆಂಟರ ಸಮಾವೇಶ ನಡೆಸಿ ಫಲಕ ಹಂಚುವುದಲ್ಲ. ಪ್ರತಿ ಪ್ರವೇಶ ಅವಧಿಯ ಕೊನೆಗೆ ಏಜೆಂಟರ ಹೆಸರಿನ ಮುಂದೆ ಅರ್ಜಿ, ಆಫರ್, ಮುಂಗಡ, ವೀಸಾ, ದಾಖಲಾತಿ, ಎರಡನೇ ಸೆಮಿಸ್ಟರ್ ಎಂಬ ಆರು ಅಂಕಣ ತುಂಬಿ ನೋಡಬೇಕು. ನೂರು ಅರ್ಜಿಗೆ ಐದು ದಾಖಲಾತಿ ಎಂದಾದರೆ ಅವನು ಕಂಡವರಿಗೆಲ್ಲ ಅರ್ಜಿ ಹಾಕಿಸುತ್ತಿದ್ದಾನೆ. ದಾಖಲಾತಿ ಚೆನ್ನಾಗಿದ್ದು ಎರಡನೇ ಸೆಮಿಸ್ಟರ್‌ಗೆ ಜನ ಕರಗಿದರೆ ವಿದ್ಯಾರ್ಥಿಗಳಿಗೆ ಹೇಳಿದ್ದೊಂದು, ಅಲ್ಲಿ ಸಿಕ್ಕಿದ್ದೊಂದು. ವೀಸಾ ಹಂತದಲ್ಲೇ ಬೀಳುತ್ತಿದ್ದರೆ ದಾಖಲೆಗಳನ್ನು ತಿರುವಿಹಾಕಬೇಕು. ಬ್ರಿಟನ್ನಿನ ವೀಸಾಕ್ಕೆ ಹಣ ಸತತ 28 ದಿನ ಖಾತೆಯಲ್ಲಿರಬೇಕೆಂಬ ನಿಯಮವಿದೆ; ಅಷ್ಟೇ ದಿನಕ್ಕೆ ಬಡ್ಡಿಗೆ ಹಣ ತಂದು ಖಾತೆಗೆ ಹಾಕುವವರಿದ್ದಾರೆ. ಕೊನೆಯ ಬಾಕಿ ಮೊತ್ತವೊಂದನ್ನೇ ನೋಡುವವರಿಗೆ ಇದು ಕಾಣದು. ಆರು ತಿಂಗಳ ವಹಿವಾಟು ತೆರೆದರೆ, ಒಂದೇ ದಿನ ಬಿದ್ದ ಇಡುಗಂಟು ಕಣ್ಣಿಗೆ ರಾಚುತ್ತದೆ.

ಎಲ್ಲಕ್ಕಿಂತ ಅಗ್ಗದ ತಪಾಸಣೆ ಇಮೇಲ್ ಕಾಲಂನಲ್ಲಿದೆ. ಒಬ್ಬ ಏಜೆಂಟನ ಮೂಲಕ ಬಂದ ಅರ್ಜಿಗಳನ್ನು ಒಂದು ಹಾಳೆಗೆ ಇಳಿಸಿ ಇಮೇಲ್ ಮತ್ತು ಫೋನ್ ನಂಬರಿನ ಪ್ರಕಾರ ಜೋಡಿಸಿ ನೋಡಿ. ವಿದ್ಯಾರ್ಥಿಯ ಹೆಸರಿನ ಮುಂದೆ ಒಂದು ಅಂಕಿ ಸೇರಿಸಿ ಕಚೇರಿಯವರೇ ತೆರೆದ ವಿಳಾಸಗಳು, ನಾಲ್ವರಿಗೆ ಒಂದೇ ಮೊಬೈಲ್ ನಂಬರ್ ಸಾಲಾಗಿ ಸಿಗುತ್ತವೆ. ಹೀಗಿದ್ದಾಗ ವಿಶ್ವವಿದ್ಯಾಲಯ ಕಳಿಸುವ ಯಾವ ಪತ್ರವೂ ವಿದ್ಯಾರ್ಥಿಯ ಕೈಸೇರುವುದಿಲ್ಲ. ಆಫರ್ ರದ್ದಾದದ್ದು, ಶುಲ್ಕ ವಾಪಸ್ ಬಂದದ್ದು, ಕೋರ್ಸ್ ಬದಲಾದದ್ದು ಏಜೆಂಟನಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಆಫರ್ ಕೊಡುವ ಮುನ್ನ ವಿದ್ಯಾರ್ಥಿಯ ಜತೆ ಹತ್ತು ನಿಮಿಷದ ವಿಡಿಯೊ ಕರೆ ಮಾಡಿ, ಅಲ್ಲೇ ಅವನ ಸ್ವಂತ ಇಮೇಲ್ ಕೇಳಿ ತಾಳೆ ನೋಡಿದರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ನೇರ ತಾಳೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರಲ್ಲಿ ಬಯಲಾದ ಕೆನಡಾದ ನಕಲಿ ಪ್ರವೇಶ ಪತ್ರಗಳ ಪ್ರಕರಣವೇ ಸಾಕ್ಷಿ. ಭಾರತದಿಂದ ಹೋದ ವಿದ್ಯಾರ್ಥಿಗಳು ಆ ಪತ್ರ ತೋರಿಸಿ ವೀಸಾ ಪಡೆದಿದ್ದರು. ಅಲ್ಲಿಗೆ ಹೋದ ಮೇಲೆ ‘ಆ ಕಾಲೇಜಿನಲ್ಲಿ ಸೀಟಿಲ್ಲ, ಬೇರೆ ಕಡೆ ಸೇರಿ’ ಎಂದು ಏಜೆಂಟ್ ಹೇಳಿದ. ಬೇರೆ ಕಡೆ ಓದಿ, ವರ್ಷಗಳ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗಲೇ ಮೊದಲ ಪತ್ರ ನಕಲಿ ಎಂದು ಹಲವರಿಗೆ ತಿಳಿದದ್ದು. 2023ರ ಡಿಸೆಂಬರ್ 1ರಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ಆಯಾ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುತ್ತಿದೆ. ಇಷ್ಟು ಸರಳ ಕೆಲಸಕ್ಕೆ ಅಷ್ಟು ಮಂದಿಯ ಬದುಕು ಅಲ್ಲಾಡಬೇಕಾಯಿತು.

ಮಾಡಬೇಕಾದ್ದು ಇಷ್ಟು ತಿಳಿದಿದ್ದರೂ ಏಕೆ ನಡೆಯುವುದಿಲ್ಲ ಎಂದರೆ, ಏಜೆಂಟನನ್ನು ನೇಮಿಸುವ ಮತ್ತು ಅವನ ತಪ್ಪು ಹುಡುಕುವ ಎರಡೂ ಕೆಲಸ ಒಂದೇ ವಿಭಾಗದ ಕೈಯಲ್ಲಿರುತ್ತದೆ. ಆ ವಿಭಾಗದ ಮುಖ್ಯಸ್ಥರ ತಲೆಯ ಮೇಲೆ ಈ ವರ್ಷ ಇಷ್ಟು ವಿದ್ಯಾರ್ಥಿಗಳು ಬೇಕೆಂಬ ಗುರಿ ತೂಗುತ್ತಿರುತ್ತದೆ. ಗುರಿಯ ಕಾಲು ಭಾಗ ತುಂಬಿಸುವ ಏಜೆಂಟನ ಕಡತವನ್ನು ಅವರು ತರಗತಿ ಶುರುವಾಗುವ ಸೆಪ್ಟೆಂಬರ್‌ಗೆ ಮುನ್ನ ತೆರೆಯುವುದಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ತೆರೆಯುವ ಅಗತ್ಯ ಕಾಣುವುದಿಲ್ಲ. ಒಪ್ಪಂದ ನವೀಕರಣ, ದೂರು, ರದ್ದತಿ ಈ ಮೂರರ ತೀರ್ಮಾನ ದಾಖಲಾತಿ ಗುರಿ ಹೊತ್ತಿರದ ಬೇರೆ ವಿಭಾಗದ ಕೈಗೆ ಹೋಗದೆ ಉಳಿದ ಸುಧಾರಣೆಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರದ್ದತಿ ಮಾಡುವಾಗಲೂ ಒಂದು ಎಚ್ಚರಿಕೆ ಬೇಕು. ಅರ್ಧ ದಾರಿಯಲ್ಲಿರುವ ವಿದ್ಯಾರ್ಥಿಗಳ ಅರ್ಜಿಗಳನ್ನು ಏಜೆಂಟನ ಜತೆಗೇ ಬಿಸಾಡಬಾರದು. ಅವರಿಗೆ ನೇರವಾಗಿ ಪತ್ರ ಬರೆದು, ದಾಖಲೆಗಳನ್ನು ಹೊಸದಾಗಿ ಪಡೆದು ಮುಂದುವರಿಸಬೇಕು. ಜಾಲತಾಣದ ಪಟ್ಟಿಯಿಂದ ಹೆಸರು ಅದೇ ದಿನ ತೆಗೆಯಬೇಕು. ವರ್ಷದ ಹಿಂದೆ ಬಿಟ್ಟ ಏಜೆಂಟರ ಹೆಸರು ಹೊತ್ತ ಪಟ್ಟಿಗಳು ಇಂದಿಗೂ ಕಾಣಸಿಗುತ್ತವೆ.

ಮಗನನ್ನೋ ಮಗಳನ್ನೋ ಕಳಿಸಲು ಹೊರಟ ಪೋಷಕರು ಏಜೆಂಟನ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ ನಂಬಬೇಕಿಲ್ಲ. ವಿಶ್ವವಿದ್ಯಾಲಯದ ಜಾಲತಾಣದ ಪಟ್ಟಿಯಲ್ಲಿ ಆ ಕಚೇರಿಯ ಹೆಸರು, ಊರು ಎರಡೂ ಇವೆಯೇ ನೋಡಲಿ. ಇಲ್ಲದಿದ್ದರೆ ಪ್ರವೇಶ ವಿಭಾಗಕ್ಕೆ ವಿದ್ಯಾರ್ಥಿಯೇ ಇಮೇಲ್ ಬರೆದು, ‘ಈ ಕಚೇರಿ ನಿಮ್ಮ ಪ್ರತಿನಿಧಿಯೇ, ನನ್ನ ಹೆಸರಲ್ಲಿ ಬಂದಿರುವ ಅರ್ಜಿಯಲ್ಲಿ ಯಾವ ಇಮೇಲ್ ಇದೆ, ಶುಲ್ಕ ಕಟ್ಟಬೇಕಾದ ಖಾತೆ ಯಾವುದು’ ಎಂದು ಮೂರು ಪ್ರಶ್ನೆ ಕೇಳಲಿ. ಉತ್ತರ ಬರುವವರೆಗೆ ಯಾರಿಗೂ ಹಣ ಕೊಡಬಾರದು. ತಮ್ಮ ವರದಿಗಾರರಿಗೂ ಒಂದು ವಿನಂತಿ: ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಆ ವಿಶ್ವವಿದ್ಯಾಲಯಕ್ಕೂ ಪತ್ರ ಬರೆದು, ಒಪ್ಪಂದದ ದಿನಾಂಕ ಮತ್ತು ಕಡೆಯ ಪರಿಶೀಲನೆಯ ದಿನಾಂಕ ಕೇಳಿ, ಬಂದ ಉತ್ತರವನ್ನು ಅಥವಾ ಉತ್ತರ ಬಾರದ್ದನ್ನು ಸುದ್ದಿಯಲ್ಲೇ ಅಚ್ಚು ಹಾಕಿ.

ಇತಿ,
ವಿದೇಶಿ ಪ್ರವೇಶ ವಿಭಾಗದ ಕೆಲಸ ಬಲ್ಲ ಓದುಗರು