ಅಂಗಡಿ ಕಂಪ್ಯೂಟರಿನಲ್ಲಿ ಉಳಿಯುವ ಖಾತೆಗಳು

ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬರುವ ಪ್ರವಾಸಿಗರು ಟಿಕೆಟ್, ಆಧಾರ್ ಪ್ರತಿ ಮುದ್ರಿಸಲು ಝೆರಾಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್, ಜಿಮೇಲ್ ತೆರೆದು ಹಾಗೆಯೇ ಬಿಟ್ಟು ಹೋಗುವುದು ಅಪಾಯಕಾರಿ. ಬ್ರೌಸರ್ ಮುಚ್ಚಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಕ್ಯೂಆರ್ ಕೋಡ್ ಮೂಲಕ ಜೋಡಿಸಿದ ವಾಟ್ಸ್‌ಆ್ಯಪ್, ಮೊಬೈಲ್ ಆಫ್ ಇದ್ದರೂ ಅಲ್ಲಿ ತೆರೆದುಕೊಳ್ಳುತ್ತದೆ. ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಸಂಪರ್ಕ ತಾನಾಗಿ ಕಡಿಯುತ್ತದೆ. ಪ್ರವಾಸಿಗರು ಊರು ಸೇರಿದ ಮೇಲೂ ಅವರ ಸಂದೇಶಗಳನ್ನು ಯಾರೋ ಓದುತ್ತಿರಬಹುದು! ಮೊಬೈಲಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಆ ಕಂಪ್ಯೂಟರನ್ನು ಲಾಗ್‌ಔಟ್ ಮಾಡಬೇಕು. ಜಿಮೇಲ್ ಮರೆತಿದ್ದರೆ ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ ಸಾಧನಗಳ ಪಟ್ಟಿ ನೋಡಿ ಸೈನ್‌ಔಟ್ ಮಾಡಬಹುದು.

ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ (ನೋಡಿದ ಪುಟಗಳ ದಾಖಲೆ ಉಳಿಸದ ಖಾಸಗಿ ಕಿಟಕಿ) ತೆರೆದರೂ ಡೌನ್‌ಲೋಡ್ ಆದ ಆಧಾರ್ ಪ್ರತಿ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದನ್ನು ಶಿಫ್ಟ್ ಹಿಡಿದು ಡಿಲೀಟ್ ಮಾಡದಿದ್ದರೆ ರಿಸೈಕಲ್ ಬಿನ್‌ನಲ್ಲಿ ಸಿಗುತ್ತದೆ. ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ತಂತ್ರಾಂಶವನ್ನೂ ಇನ್‌ಕಾಗ್ನಿಟೊ ತಡೆಯದು. ಬ್ಯಾಂಕ್ ವ್ಯವಹಾರವಂತೂ ಅಲ್ಲಿ ಬೇಡವೇ ಬೇಡ.

ಅಂಗಡಿಯವರು ಕಿಟಕಿ ಮುಚ್ಚಿದೊಡನೆ ಲಾಗಿನ್ ವಿವರ ಅಳಿಸುವ ಕ್ರೋಮ್‌ ಬ್ರೌಸರಿನ ‘ಗೆಸ್ಟ್’ ಮೋಡ್ ಬಳಸಿ, ಪ್ರತಿ ಗ್ರಾಹಕರು ಎದ್ದ ಕೂಡಲೇ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಲಿ. ಬಾಗಲಕೋಟೆ ಜಿಲ್ಲಾಡಳಿತವು ಬಸ್ ನಿಲ್ದಾಣ ಮತ್ತು ಸ್ಮಾರಕಗಳ ಬಳಿಯ ಇಂಥ ಅಂಗಡಿಗಳಲ್ಲಿ ಈ ಸೂಚನೆಗಳ ಫಲಕವನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಕಡ್ಡಾಯವಾಗಿ ಹಾಕಿಸಬೇಕು.

– ಓದುಗ, ಬಾದಾಮಿ